ಚಿತ್ರ ಹೇಳದ್ದನ್ನು ಹೇಳುವ ಕೆಲಸ: ಐಸ್‌ಲ್ಯಾಂಡ್ ಸಾಕ್ಷ್ಯಚಿತ್ರಗಳಲ್ಲಿ ನನ್ನ ಅನುಭವ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ಗೆ ಬಂದ ಮೇಲೆ ನನಗೆ ಸಿಕ್ಕಿದ ಕೆಲಸ ಇದು. ಅಲ್ಲಿನ ಸಾಕ್ಷ್ಯಚಿತ್ರಗಳಿಗೆ ಇಂಗ್ಲಿಷ್ ನಿರೂಪಣೆ ಬರೆಯುವುದು, ಆಮೇಲೆ ಅದನ್ನು ನಾನೇ ಓದುವುದು. ಸಾಕ್ಷ್ಯಚಿತ್ರಕ್ಕೆ ಐಸ್‌ಲ್ಯಾಂಡಿನವರು ಇಟ್ಟಿರುವ ಹೆಸರನ್ನು ಬಿಡಿಸಿದರೆ 'ಆಧಾರ ಇರುವ ಚಿತ್ರ' ಎಂದಾಗುತ್ತದೆ. ನಮ್ಮ ಪದಕ್ಕೆ ಎಷ್ಟು ಹತ್ತಿರ, ಅಲ್ವಾ? ಆ ಪದದ ಭಾರ ನನಗೆ ಗೊತ್ತಾಗಿದ್ದು ಮೊದಲ ಚಿತ್ರದಲ್ಲೇ.

ಅದು ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಾಚೆ ಇರುವ ಹೇಯ್ಮಾಯ್ ದ್ವೀಪದ ಜ್ವಾಲಾಮುಖಿಯ ಕಥೆ. 1973ರ ಜನವರಿ 23, ರಾತ್ರಿ ಎರಡು ಗಂಟೆಯ ಹೊತ್ತು. ಊರ ಅಂಚಿನಲ್ಲೇ ನೆಲ ಸೀಳಿ ಬೆಂಕಿ ಎದ್ದಿತು. ಊರಲ್ಲಿದ್ದವರು ಸುಮಾರು 5,300 ಜನ. ಅದೇ ರಾತ್ರಿ ಹೆಚ್ಚುಕಮ್ಮಿ ಎಲ್ಲರೂ ಮೀನುಗಾರರ ದೋಣಿ ಹತ್ತಿ ಐಸ್‌ಲ್ಯಾಂಡಿನ ಮುಖ್ಯ ಭೂಭಾಗದ ದಡ ಸೇರಿದರು. ನಾನು ಬರೆದ ಮೊದಲ ಸಾಲು ಹೀಗಿತ್ತು: "ಕತ್ತಲೆಯ ಆಕಾಶಕ್ಕೆ ಕೆಂಪು ಬೆಂಕಿಯ ಗೋಡೆ ಎದ್ದು ನಿಂತಿತು." ನಿರ್ದೇಶಕಿ ಕೇಳಿಸಿಕೊಂಡು, "ಅದು ಪರದೆಯ ಮೇಲೆ ಕಾಣ್ತಾ ಇದೆಯಲ್ಲ. ಕಾಣದೇ ಇರೋದನ್ನ ಹೇಳು" ಎಂದಳು.

ಕಾಣದೇ ಇರುವುದು ಯಾವುದು? ಅದನ್ನು ಹುಡುಕಿಕೊಂಡು ದ್ವೀಪಕ್ಕೇ ಹೋದೆ. ಅಲ್ಲಿನ ಎಲ್ಡ್‌ಹೇಯ್ಮಾರ್ ಮ್ಯೂಸಿಯಂ ಕಟ್ಟಿರುವುದೇ ಬೂದಿಯಿಂದ ಅಗೆದು ತೆಗೆದ ಒಂದು ಮನೆಯ ಸುತ್ತ. ಅಲ್ಲಿ ಸಿಕ್ಕ ಹಿರಿಯ ಮೀನುಗಾರರೊಬ್ಬರು ಬೆಂಕಿಯ ಸುದ್ದಿಯನ್ನೇ ಎತ್ತಲಿಲ್ಲ. ಗಾಳಿಯ ಬಗ್ಗೆ ಹೇಳಿದರು. ಹಿಂದಿನ ದಿನ ಬಿರುಗಾಳಿ ಇತ್ತಂತೆ. ದೋಣಿಗಳು ಮೀನಿಗೆ ಹೋಗಿರಲಿಲ್ಲ. ರಾತ್ರಿ ಹೊತ್ತಿಗೆ ಗಾಳಿ ಇಳಿದಿತ್ತು. ವಾಪಸ್ ಬಂದು ಹಳೆಯ ಸಾಲು ಹೊಡೆದುಹಾಕಿ ಬರೆದೆ: "ಹಿಂದಿನ ದಿನ ಬಿರುಗಾಳಿ. ಅದಕ್ಕೇ ದೋಣಿಗಳೆಲ್ಲ ಬಂದರಿನಲ್ಲೇ ಇದ್ದವು." ಅಷ್ಟೇ. ಬೆಂಕಿಯ ದೃಶ್ಯದ ಮೇಲೆ ಈ ಎರಡು ಸಾಲು ಕೂತಾಗ ಎಡಿಟಿಂಗ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಆವತ್ತಿನಿಂದ ಪ್ರತಿ ಸಾಲಿಗೂ ಇದೇ ಪರೀಕ್ಷೆ ಮಾಡುತ್ತೇನೆ. ದನಿ ಮುಚ್ಚಿ ದೃಶ್ಯ ನೋಡುತ್ತೇನೆ. ನನ್ನ ಸಾಲು ಇಲ್ಲದೆಯೂ ಅರ್ಥವಾದರೆ ಆ ಸಾಲು ಬೇಡ.

ಲೆಕ್ಕವೂ ಇದೆ. ನಿಧಾನವಾಗಿ ಓದಿದರೆ ಸೆಕೆಂಡಿಗೆ ಎರಡು ಇಂಗ್ಲಿಷ್ ಪದ. ಹತ್ತು ಸೆಕೆಂಡಿನ ದೃಶ್ಯಕ್ಕೆ ಇಪ್ಪತ್ತು ಪದ ಹಿಡಿಯುತ್ತವೆ, ಆದರೆ ನಾನು ಹನ್ನೆರಡು ದಾಟುವುದಿಲ್ಲ. ಉಳಿದ ಜಾಗ ಗಾಳಿಗೆ, ಹಕ್ಕಿಗೆ, ಜನರ ಉಸಿರಿಗೆ.

ಹೆಸರುಗಳ ವಿಷಯದಲ್ಲಿ ಮಾತ್ರ ತುಂಬಾ ಬೆವರು ಹರಿಸಿದ್ದೇನೆ. ಐಸ್‌ಲ್ಯಾಂಡಿನಲ್ಲಿ ಹೆಸರಿನ ಎರಡನೇ ಭಾಗ ಸಾಮಾನ್ಯವಾಗಿ ಮನೆತನದ್ದಲ್ಲ, 'ಇಂಥವರ ಮಗ', 'ಇಂಥವರ ಮಗಳು' ಎಂದು ಅರ್ಥ. 1980ರಿಂದ 1996ರವರೆಗೆ ಅಧ್ಯಕ್ಷೆಯಾಗಿದ್ದ ವಿಗ್ದೀಸ್ ಫಿನ್‌ಬೋಗಾದೋಹ್ತಿರ್ ಎಲ್ಲರಿಗೂ ಬರೀ ವಿಗ್ದೀಸ್. ಇಂಗ್ಲಿಷ್ ರೂಢಿಯಂತೆ ಎರಡನೇ ಸಲ 'ಫಿನ್‌ಬೋಗಾದೋಹ್ತಿರ್ ಹೇಳಿದರು' ಎಂದು ಬರೆದರೆ ಅಲ್ಲಿನವರ ಕಿವಿಗೆ ಅದು ಅವರ ಹೆಸರೇ ಅಲ್ಲ. ಇನ್ನು ಉಚ್ಚಾರ. ಎರಡು 'ಎಲ್' ಒಟ್ಟಿಗೆ ಬಂದರೆ ಬಹಳಷ್ಟು ಕಡೆ 'ಟ್ಲ್' ಆಗುತ್ತದೆ, ಒತ್ತು ಮೊದಲ ಅಕ್ಷರದ ಮೇಲೆ. ಹಿಮನದಿಗೆ 'ಯೋಕುಟ್ಲ್', ಆ ರಾತ್ರಿ ಹುಟ್ಟಿದ ಬೆಟ್ಟಕ್ಕೆ 'ಎಲ್ಟ್‌ಫೆಟ್ಲ್'. ನನ್ನ ಸ್ಕ್ರಿಪ್ಟಿನ ಅಂಚಿನಲ್ಲಿ ಇವನ್ನೆಲ್ಲ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಇಂಗ್ಲಿಷ್ ಅಕ್ಷರ ನೋಡಿದರೆ ನಾಲಿಗೆ ದಾರಿ ತಪ್ಪುತ್ತದೆ, ಕನ್ನಡ ಅಕ್ಷರ ನೋಡಿದರೆ ತಪ್ಪುವುದಿಲ್ಲ. ಅದೂ ಸಾಲದೆ, ಪ್ರತಿ ಹೆಸರನ್ನೂ ಆ ಊರಿನವರ ಬಾಯಲ್ಲಿ ಹೇಳಿಸಿ ಫೋನಿನಲ್ಲಿ ಇಟ್ಟುಕೊಂಡಿರುತ್ತೇನೆ. ಊರಿನ ಹೆಸರು ತಪ್ಪಾಗಿ ಹೇಳಿದರೆ ಆ ಊರಿನವರು ಮುಂದಿನ ಮಾತು ಯಾಕೆ ನಂಬಬೇಕು?

ಓದುವ ದಿನ ನೈಲಾನ್ ಜಾಕೆಟ್ ಹೊರಗೇ ಬಿಡುತ್ತೇನೆ, ತೋಳು ಆಡಿದರೂ ಮೈಕ್ ಹಿಡಿಯುತ್ತದೆ. ಉಣ್ಣೆ ಸ್ವೆಟರ್ ಸದ್ದು ಮಾಡುವುದಿಲ್ಲ. ಬಾಯಿ ಅಂಟದಿರಲಿ ಅಂತ ಒಂದು ಹುಳಿ ಸೇಬು, ಉಗುರುಬೆಚ್ಚಗಿನ ನೀರು. ದನಿಯಲ್ಲಿ ನಾಟಕ ಬೇಡ. ಇದು ಹಿಂದೆ ಚಳಿಗಾಲದ ಸಂಜೆ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಉಣ್ಣೆಯ ಕೆಲಸ ಮಾಡುತ್ತಿದ್ದರೆ ಒಬ್ಬರು ಗಟ್ಟಿಯಾಗಿ ಕಥೆ ಓದುತ್ತಿದ್ದ ನಾಡು. ಕೈಕೆಲಸ ನಿಲ್ಲದ ಹಾಗೆ ಓದಬೇಕಿತ್ತು. ನಾನೂ ಅದೇ ಹದದಲ್ಲಿ ಓದಲು ನೋಡುತ್ತೇನೆ.

ಅದೇ ಚಿತ್ರದ ಕೊನೆಯ ಹೊತ್ತಿಗೆ ಒಂದು ದೃಶ್ಯವಿದೆ. ಲಾವಾ ಬಂದರಿನ ಬಾಯಿ ಮುಚ್ಚದಿರಲೆಂದು ಸಮುದ್ರದ ನೀರನ್ನೇ ಪಂಪ್ ಮಾಡಿ ಅದರ ಮೇಲೆ ತಿಂಗಳುಗಟ್ಟಲೆ ಸುರಿದರು. ಬಂದರು ಉಳಿಯಿತು. ಆದರೆ ನೂರಾರು ಮನೆ ಹೋದವು. ತಣ್ಣಗಾದ ಆ ಲಾವಾದ ಮೇಲೆ ವಯಸ್ಸಾದ ಹೆಂಗಸೊಬ್ಬರು ನಿಂತು, ಬೆರಳು ಕೆಳಗೆ ತೋರಿಸಿ, "ಅಡುಗೆಮನೆ ಇಲ್ಲಿತ್ತು" ಅನ್ನುತ್ತಾರೆ. ಆಮೇಲೆ ಹದಿನಾಲ್ಕು ಸೆಕೆಂಡು ಅವರು ಸುಮ್ನೆ ನಿಂತಿರುತ್ತಾರೆ. ಮನೆಗಳ ಲೆಕ್ಕ ಹೇಳುವ ಸಾಲನ್ನು ನಾನು ಅಲ್ಲಿಗೇ ಬರೆದಿದ್ದೆ. ಅದನ್ನು ಎತ್ತಿ ಮುಂದಿನ ದೃಶ್ಯಕ್ಕೆ ಹಾಕಿದೆ. ಅವರ ತಲೆಸ್ಕಾರ್ಫ್ ಗಾಳಿಗೆ ಪಟಪಟ ಅನ್ನುವುದು ಈಗ ಸ್ಪಷ್ಟವಾಗಿ ಕೇಳುತ್ತದೆ.