ತೀವ್ರ ನಿಗಾ ಘಟಕದಲ್ಲಿ ಬ್ಲಡ್ ಕಲ್ಚರ್ ತೆಗೆಯುವ ಕ್ರಮ

ಐಸಿಯುನಲ್ಲಿರುವ ರೋಗಿಗೆ ಹೊಸದಾಗಿ ಜ್ವರ ಬಂದು ರಕ್ತದೊತ್ತಡ ಇಳಿಯತೊಡಗಿದಾಗ ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್‌ನ ಇಂಜೆಕ್ಷನ್ ಮೊದಲು ಹೋಗಿ, ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಬಾಟಲಿ ಆಮೇಲೆ ನೆನಪಾಗುವುದು ಅಪರೂಪವೇನಲ್ಲ. ನಮ್ಮ ದೇಶದ ಐಸಿಯುಗಳಲ್ಲಿ ರಕ್ತದ ಸೋಂಕಿಗೆ ಕಾರಣವಾಗುವ ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಲ್ಲಿ ದೊಡ್ಡ ಪಾಲು ಈಗ ಮೆರೊಪೆನೆಮ್‌ಗೂ ಬಗ್ಗುವುದಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಾರ್ಷಿಕ ವರದಿಗಳು ತೋರಿಸುತ್ತಿವೆ. ಹೀಗಿರುವಾಗ ಯಾವ ಔಷಧ ಕೆಲಸ ಮಾಡೀತೆಂಬುದನ್ನು ಖಚಿತವಾಗಿ ಹೇಳಲು ಕಲ್ಚರ್ ಬೇಕೇ ಬೇಕು. ಒಂದೇ ಡೋಸ್ ಆಂಟಿಬಯಾಟಿಕ್ ಹೋದರೂ ಬಾಟಲಿಯಲ್ಲಿ ರೋಗಾಣು ಬೆಳೆಯುವ ಸಾಧ್ಯತೆ ಗಣನೀಯವಾಗಿ ಕುಗ್ಗುತ್ತದೆ.

ಆದ್ದರಿಂದ ಸೋಂಕಿನ ಅನುಮಾನ ಬಂದ ಕೂಡಲೇ ಕಲ್ಚರ್ ತೆಗೆದು, ನಂತರ ಔಷಧ ಕೊಡಿ. ಸೆಪ್ಟಿಕ್ ಶಾಕ್‌ನಲ್ಲಿ (ಸೋಂಕಿನಿಂದ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿದಾಗ) ಔಷಧ ಒಂದು ಗಂಟೆಯೊಳಗೆ ಹೋಗಲೇಬೇಕಾದ ಕಾರಣ, ರಕ್ತ ಸಿಗುವುದು ಕಷ್ಟವೆಂದು 45 ನಿಮಿಷಕ್ಕಿಂತ ಹೆಚ್ಚು ಕಾಯಬಾರದು. ರೋಗಿ ಈಗಾಗಲೇ ಆಂಟಿಬಯಾಟಿಕ್ ಪಡೆಯುತ್ತಿದ್ದು ಸ್ಥಿತಿ ಸ್ಥಿರವಾಗಿದ್ದರೆ, ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ತೆಗೆಯುವುದು ಒಳ್ಳೆಯದು. ರಕ್ತದಲ್ಲಿ ಔಷಧದ ಮಟ್ಟ ಆಗ ಕನಿಷ್ಠವಿರುತ್ತದೆ.

ಹೆಚ್ಚಿನ ಕಡೆ ಎಡವುವುದು ರಕ್ತದ ಪ್ರಮಾಣದಲ್ಲಿ. ವಯಸ್ಕರ ರಕ್ತದ ಸೋಂಕಿನಲ್ಲಿ ಹಲವು ಬಾರಿ ಒಂದು ಮಿ.ಲೀ. ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾ ಕೂಡ ಇರುವುದಿಲ್ಲವಾದ್ದರಿಂದ, ಎರಡು ಮೂರು ಮಿ.ಲೀ. ಹಾಕಿದ ಒಂಟಿ ಬಾಟಲಿ ನೆಗೆಟಿವ್ ಬಂದರೆ ಅದರಿಂದ ಸೋಂಕಿಲ್ಲವೆಂದು ನಿರ್ಧರಿಸಲಾಗದು. ವಯಸ್ಕರಿಗೆ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ.ಯಂತೆ, ಏರೋಬಿಕ್ (ಆಮ್ಲಜನಕವಿರುವ) ಮತ್ತು ಅನೇರೋಬಿಕ್ (ಆಮ್ಲಜನಕವಿಲ್ಲದ) ಬಾಟಲಿಗಳ ಒಂದು ಸೆಟ್, ಅಂತಹ ಎರಡು ಸೆಟ್‌ಗಳನ್ನು ಬೇರೆ ಬೇರೆ ಜಾಗದಿಂದ ತೆಗೆಯಬೇಕು. ಖರ್ಚಿನ ಕಾರಣಕ್ಕೆ ಒಂದೇ ಬಾಟಲಿ ಕಳಿಸುವ ರೂಢಿ ಹಲವೆಡೆ ಇದೆ. ಗುರಿಯಿಲ್ಲದೆ ಕೊಡುವ ದುಬಾರಿ ಆಂಟಿಬಯಾಟಿಕ್‌ಗಳ ಮುಂದೆ ಎರಡನೆಯ ಸೆಟ್‌ನ ಬೆಲೆ ಚಿಕ್ಕದೆಂದು ರೋಗಿಯ ಮನೆಯವರಿಗೆ ಸಮಾಧಾನದಿಂದ ತಿಳಿಸಿ. ತುಂಬಬೇಕಾದ ಮಟ್ಟವನ್ನು ಬಾಟಲಿಯ ಮೇಲೆ ಮೊದಲೇ ಪೆನ್ನಿನಿಂದ ಗುರುತಿಸಿಕೊಂಡರೆ ಅಂದಾಜು ತಪ್ಪುವುದಿಲ್ಲ. ಮಕ್ಕಳಲ್ಲಿ ಪ್ರಮಾಣವನ್ನು ತೂಕದ ಮೇಲೆ ನಿರ್ಧರಿಸಬೇಕು.

ಕೈ ತೊಳೆದು, ಆಲ್ಕೋಹಾಲ್ ಬೆರೆತ 2% ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮವನ್ನು 30 ಸೆಕೆಂಡ್ ಉಜ್ಜಿ, ಅದು ತಾನಾಗಿ ಒಣಗುವವರೆಗೆ ಬಿಡಿ. ಊದಿ ಒಣಗಿಸಬೇಡಿ, ಆ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟಬೇಡಿ. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳದಡಿಯ ರಬ್ಬರ್ ಭಾಗ ಕ್ರಿಮಿರಹಿತವಲ್ಲ, ಅದನ್ನೂ 70% ಆಲ್ಕೋಹಾಲ್‌ನಿಂದ ಒರೆಸಿ. ರಕ್ತ ಕಡಿಮೆ ಸಿಕ್ಕರೆ ಏರೋಬಿಕ್ ಬಾಟಲಿಯನ್ನು ಮೊದಲು ತುಂಬಿ.

ಸೆಂಟ್ರಲ್ ಲೈನ್‌ನಿಂದ (ದೊಡ್ಡ ರಕ್ತನಾಳದೊಳಗೆ ಹಾಕಿರುವ ಕೊಳವೆಯಿಂದ) ಮಾತ್ರ ರಕ್ತ ತೆಗೆದು ಕಳಿಸುವುದು ಸುಲಭವಾದರೂ ಸರಿಯಲ್ಲ, ಏಕೆಂದರೆ ಅದರ ಹೊರತುದಿಯ ಹಬ್‌ನಲ್ಲಿ ನೆಲೆಸಿದ ರೋಗಾಣು ರಕ್ತದ ಸೋಂಕಿನಂತೆ ಕಾಣಿಸಿಕೊಳ್ಳಬಹುದು. ಲೈನ್ ಮೇಲೆ ಅನುಮಾನವಿದ್ದರೆ ಲೈನ್‌ನಿಂದಲೂ ಕೈಯ ರಕ್ತನಾಳದಿಂದಲೂ ಒಂದೇ ವೇಳೆಗೆ, ಒಂದೇ ಪ್ರಮಾಣದಲ್ಲಿ ತೆಗೆಯಿರಿ. ಎರಡರಲ್ಲೂ ಒಂದೇ ರೋಗಾಣು ಬೆಳೆದು, ಲೈನ್‌ನ ಬಾಟಲಿ ಕನಿಷ್ಠ 120 ನಿಮಿಷ ಮುಂಚೆ ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನ್ ಎಂದು ಭಾವಿಸಬಹುದು. ಹಾಗಾಗಿ ಪ್ರತಿ ಬಾಟಲಿಯ ಮೇಲೆ ರಕ್ತ ತೆಗೆದ ಜಾಗ ಮತ್ತು ಸಮಯವನ್ನು ಬಾರ್‌ಕೋಡ್ ಮುಚ್ಚದಂತೆ ಬರೆಯಬೇಕು. ಬಾಟಲಿಗಳನ್ನು ಫ್ರಿಜ್‌ನಲ್ಲಿಡದೆ ಎರಡು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ.

ಬಾಟಲಿ ಪಾಸಿಟಿವ್ ಆದರೆ ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ರೋಗಾಣುವಿನ ಬಗೆ ನೋಡುವ ಪರೀಕ್ಷೆ) ಫಲಿತಾಂಶವನ್ನು ಲ್ಯಾಬ್‌ನವರು ಫೋನಿನಲ್ಲೇ ತಿಳಿಸುವಂತೆ ಏರ್ಪಾಡು ಮಾಡಿಕೊಳ್ಳಿ. ನಾಲ್ಕರಲ್ಲಿ ಒಂದೇ ಬಾಟಲಿಯಲ್ಲಿ ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್ (ಚರ್ಮದ ಮೇಲೆ ಸಹಜವಾಗಿರುವ ಬ್ಯಾಕ್ಟೀರಿಯಾ) ಬೆಳೆದಿದ್ದರೆ ಅದು ಸಾಮಾನ್ಯವಾಗಿ ಚರ್ಮದಿಂದ ಸೇರಿದ್ದು. ಅದಕ್ಕಾಗಿ ವ್ಯಾಂಕೊಮೈಸಿನ್ ಆಂಟಿಬಯಾಟಿಕ್ ಮುಂದುವರಿಸುವ ಮುನ್ನ ರೋಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ. ಸ್ಟ್ಯಾಫಿಲೊಕಾಕಸ್ ಔರಿಯಸ್ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ಒಂದೇ ಬಾಟಲಿಯಲ್ಲಿ ಬಂದರೂ ಕಡೆಗಣಿಸುವಂತಿಲ್ಲ. ಕಾರ್ಬಪೆನೆಮ್‌ಗೆ (ಮೆರೊಪೆನೆಮ್ ಸೇರಿದ ಔಷಧ ಗುಂಪು) ಬಗ್ಗದ ಕ್ಲೆಬ್ಸಿಯೆಲ್ಲಾ ಬಂದಾಗ ಅದರಲ್ಲಿ ಎನ್‌ಡಿಎಂ (ಈ ಔಷಧಗಳನ್ನು ಒಡೆಯುವ ಕಿಣ್ವ) ಇದೆಯೇ ಎಂದು ಕೇಳಿ: ಇದ್ದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಆಂಟಿಬಯಾಟಿಕ್ ಒಂದೇ ಸಾಲದು, ಜೊತೆಗೆ ಅಜ್ಟ್ರಿಯೊನಾಮ್ ಬೇಕಾಗುತ್ತದೆ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ಗೆ ಡಿಸ್ಕ್ ಪರೀಕ್ಷೆಯ (ಔಷಧ ಲೇಪಿತ ಬಿಲ್ಲೆ ಇಟ್ಟು ನೋಡುವ ವಿಧಾನ) ವರದಿ ಬಂದಿದ್ದರೆ ಅದನ್ನು ನಂಬದೆ ಬ್ರಾತ್ ಮೈಕ್ರೊಡೈಲ್ಯೂಷನ್ (ದ್ರವದಲ್ಲಿ ಔಷಧದ ಬೇರೆ ಬೇರೆ ಪ್ರಮಾಣಗಳನ್ನು ಪರೀಕ್ಷಿಸುವ ವಿಧಾನ) ಮಾಡಿಸಿ. ಪೂರ್ಣ ವರದಿ ಕೈಸೇರಿದ ದಿನವೇ ಅನಗತ್ಯ ಔಷಧಗಳನ್ನು ನಿಲ್ಲಿಸಿ, ಅದರ ಕಾರಣವನ್ನು ಕೇಸ್ ಶೀಟ್‌ನಲ್ಲಿ ಬರೆದಿಡಿ.