ಒಂದು ಮತದ ಸಂತೇಮರಹಳ್ಳಿ: ಇಲ್ಲವಾದ ಕ್ಷೇತ್ರದ ಲೆಕ್ಕ ಕೂಡಿಸಿದ ನನ್ನ ಅನುಭವ

40,752 ಮತ್ತು 40,751. ಚಾಮರಾಜನಗರ ಜಿಲ್ಲೆಯಲ್ಲಿ ಚುನಾವಣೆ ಲೆಕ್ಕ ಇಡುವ ನಮಗೆಲ್ಲ ಈ ಎರಡು ಸಂಖ್ಯೆ ಬಾಯಿಪಾಠ. 2004ರಲ್ಲಿ ಸಂತೇಮರಹಳ್ಳಿ ಮೀಸಲು ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರು ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಮತದಿಂದ ಸೋಲಿಸಿದರು. ಕೃಷ್ಣಮೂರ್ತಿ ಅವರ ಡ್ರೈವರ್ ಮತ ಹಾಕಲು ಹೋಗಲಾಗದ ಕತೆ ನಿಮಗೂ ಗೊತ್ತಿದೆ, ಮತ್ತೆ ಹೇಳುವುದಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋಯಿತು. ಯಳಂದೂರು ತಾಲ್ಲೂಕು, ಸಂತೇಮರಹಳ್ಳಿ ಭಾಗ ಎಲ್ಲ ಕೊಳ್ಳೇಗಾಲಕ್ಕೆ ಸೇರಿದವು. ಜಿಲ್ಲೆಯಲ್ಲಿ ಐದಿದ್ದ ಕ್ಷೇತ್ರ ನಾಲ್ಕಾದವು.

ಕ್ಷೇತ್ರದ ಇತಿಹಾಸ ಅಂದರೆ ಶಾಸಕರ ಪಟ್ಟಿ ಅಂತ ಎಲ್ಲರೂ ತಿಳಿದಿದ್ದಾರೆ. ಬಿ. ರಾಚಯ್ಯನವರ ಹೆಸರು, ಆಮೇಲೆ ಅವರ ಮಗ ಕೃಷ್ಣಮೂರ್ತಿ, ಆಮೇಲೆ ಧ್ರುವನಾರಾಯಣ, ಅಲ್ಲಿಗೆ ಪಟ್ಟಿ ಮುಗಿಯಿತು. ನನಗೆ ಅದು ಸಾಲದು. ಹೆಸರು ಹೋದರೂ ಊರು ಹೋಗಿಲ್ಲ, ಅಲ್ವಾ? ಮಾಂಬಳ್ಳಿ, ಅಗರ, ಗುಂಬಳ್ಳಿ ಎಲ್ಲ ಇದ್ದಲ್ಲೇ ಇವೆ. ಹಳೆಯ ಕ್ಷೇತ್ರದ ಊರುಗಳನ್ನೇ ಬೇರೆ ಮಾಡಿ, 2004ರಿಂದ 2023ರವರೆಗೆ ಬೂತ್‌ವಾರು ಒಂದೇ ಪಟ್ಟಿಯಲ್ಲಿ ಕೂರಿಸಬೇಕು ಅನ್ನುವುದು ನನ್ನ ಹಟ. ಜೊತೆಯ ಲೆಕ್ಕದವರೆಲ್ಲ ಆಗಲ್ಲ ಅಂದರು. "ಮೇಷ್ಟ್ರೇ, ಬೂತ್ ನಂಬರೇ ಬದಲಾಗಿದೆ. ಯಾವುದನ್ನು ಯಾವುದಕ್ಕೆ ಜೋಡಿಸ್ತೀರಿ? ಸುಮ್ನೆ ದುಡ್ಡು ದಂಡ" ಅಂತ ಒಬ್ಬರು ಮುಖಕ್ಕೇ ಹೇಳಿದ್ದರು. ಈಗ ಅವರೇ ನನ್ನ ಪಟ್ಟಿಯ ಪ್ರತಿ ಕೇಳಿ ಒಯ್ದಿದ್ದಾರೆ.

2004ಕ್ಕಿಂತ ಹಿಂದೆ ಹೋಗುವ ಹಾಗೇ ಇಲ್ಲ. ಮತಪತ್ರದ ಕಾಲದಲ್ಲಿ ಯಾವ ಊರು ಯಾರಿಗೆ ಹಾಕಿತು ಅಂತ ತಿಳಿಯಬಾರದು ಎಂದು ಬೂತ್‌ಗಳ ಮತಪತ್ರ ಬೆರೆಸಿ ಎಣಿಸುತ್ತಿದ್ದರು. 2004ರಲ್ಲಿ ಎಲ್ಲ ಕಡೆ ಇವಿಎಂ ಬಂತು. ಹಾಗಾಗಿ ಸಂತೇಮರಹಳ್ಳಿ ಎಂಬ ಹೆಸರಿನಲ್ಲಿ ನಮಗೆ ಸಿಗುವ ವಿಧಾನಸಭೆಯ ಬೂತ್‌ವಾರು ಫಲಿತಾಂಶ ಒಂದೇ ಒಂದು. ಅದೂ ಆ ಒಂದು ಮತದ ಚುನಾವಣೆಯದ್ದೇ.

ಆ ಬೂತ್‌ವಾರು ಫಲಿತಾಂಶದ ಕಾಗದ, ಅಂದರೆ ಫಾರಂ 20, ಸಿಗುವಷ್ಟರಲ್ಲಿ ಸಾಕುಬೇಕಾಯಿತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ, ಅದು ದೊಡ್ಡ ಖರ್ಚಲ್ಲ. ಓಡಾಟವೇ ಖರ್ಚು. ಒಂದು ಕಚೇರಿಯಲ್ಲಿ ಹಳೆಯ ಕಡತ ವಿಲೇವಾರಿ ಆಗಿದೆ ಅಂದರು, ಇನ್ನೊಂದರಲ್ಲಿ ಮೊದಲನೆಯ ಕಚೇರಿಗೇ ಹೋಗಿ ಅಂದರು. ಕೊನೆಗೆ ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಅನ್ನುವುದನ್ನು ಬರೆಯುವುದಿಲ್ಲ. ಸುಳಿವು ಇಷ್ಟೇ: ಎಣಿಕೆ ಟೇಬಲ್ಲಿನಲ್ಲಿ ಕೂತಿದ್ದ ಏಜೆಂಟರು ಕಾಗದ ಬಿಸಾಡುವ ಜನ ಅಲ್ಲ. ಒಂದು ಮತದಿಂದ ಗೆದ್ದ ಕಡೆಯವರಾಗಲಿ ಸೋತ ಕಡೆಯವರಾಗಲಿ ಅಂಥ ಕಾಗದವನ್ನು ಜೋಪಾನ ಮಾಡಿರುತ್ತಾರೆ.

ಮೊದಲು ಮತದಾರರ ಪಟ್ಟಿಯ ಭಾಗ ಸಂಖ್ಯೆ ಹಿಡಿದು ಜೋಡಿಸಲು ನೋಡಿದೆ. ಅದು ಎರಡು ಪುಟವೂ ಮುಂದೆ ಹೋಗಲಿಲ್ಲ. ಕೊಳ್ಳೇಗಾಲಕ್ಕೆ ಸೇರಿದ ಮೇಲೆ ಎಲ್ಲ ನಂಬರೂ ಹೊಸದು. ಆಮೇಲೆ ಊರಿನ ಹೆಸರು ಹಿಡಿದೆ. ಅಲ್ಲಿ ಇನ್ನೊಂದು ಕಾಟ. ಒಂದು ಪಟ್ಟಿಯಲ್ಲಿ ಊರು, ಇನ್ನೊಂದರಲ್ಲಿ ಅದೇ ಊರಿಗೆ ಸೇರಿದ ಚಿಕ್ಕ ಹಳ್ಳಿಯಾದ ಮೋಳೆ, ಮತ್ತೊಂದರಲ್ಲಿ ಬೀದಿಯ ಹೆಸರು. ಹಳೆಯ ಪಿಡಿಎಫ್‌ಗಳಲ್ಲಿ ಕೆಲವು ನುಡಿ ಫಾಂಟಿನವು, ಕೆಲವು ಬರೀ ಸ್ಕ್ಯಾನ್ ಚಿತ್ರ. ಹುಡುಕಿದರೆ ಒಂದಕ್ಷರವೂ ಸಿಗುವುದಿಲ್ಲ. ಒಂದು ಡಿಟಿಪಿ ಅಂಗಡಿಗೆ ಟೈಪ್ ಮಾಡಲು ಕೊಟ್ಟೆ. ಆರೇಳು ಸಾವಿರ ತೆಗೆದುಕೊಂಡು ಕೊಟ್ಟ ಫೈಲಿನಲ್ಲಿ ಅಂಕಿಗಳು ಒಂದು ಸಾಲು ಕೆಳಗೆ ಜಾರಿದ್ದವು, ಒಬ್ಬ ಅಭ್ಯರ್ಥಿಯ ಮತ ಇನ್ನೊಂದು ಊರಿನ ಮುಂದೆ. ಆ ದುಡ್ಡು ಹೋಯಿತು. ಪಕ್ಕದ ಮನೆಯ ಪದವಿ ಓದುವ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಒಬ್ಬರು ಓದಿ ಒಬ್ಬರು ಬರೆದು, ಮತ್ತೆ ಮೊದಲಿಂದ ಮಾಡಿಸಿದೆ. ಅವರಿಗೆ ಪುಟಕ್ಕೆ ಇಷ್ಟು ಅಂತ ಕೊಟ್ಟೆ. ಪೆಟ್ರೋಲು, ಜೆರಾಕ್ಸು ಎಲ್ಲ ಸೇರಿ ಇಪ್ಪತ್ತು ಸಾವಿರದ ಆಚೀಚೆ ಆಗಿರಬಹುದು.

ದಾರಿ ತೆರೆದದ್ದು ಶಾಲೆಯಿಂದ. ನನ್ನ ನೌಕರಿಯೆಲ್ಲ ಪ್ರಾಥಮಿಕ ಶಾಲೆಗಳಲ್ಲೇ ಕಳೆಯಿತು, ಚುನಾವಣಾ ಕರ್ತವ್ಯಕ್ಕೂ ಎಷ್ಟೋ ಸಲ ಹೋದವನು. ಮತದಾರರ ಪಟ್ಟಿಯ ಮೊದಲ ಪುಟ ನೋಡಿ, ಮತಗಟ್ಟೆ ಅಂತ ಬರೆದಿರುವುದು ಏನು? "ಸ.ಹಿ.ಪ್ರಾ. ಶಾಲೆ, ಪೂರ್ವ ಭಾಗದ ಕೊಠಡಿ." ಕ್ಷೇತ್ರದ ಹೆಸರು ಬದಲಾಗುತ್ತದೆ, ಬೂತ್ ನಂಬರ್ ಬದಲಾಗುತ್ತದೆ, ಆ ಕೊಠಡಿ ಎಲ್ಲಿಗೆ ಹೋಗುತ್ತದೆ? ಮತವನ್ನು ಬೂತ್ ನಂಬರಿಗೆ ಕಟ್ಟುವುದು ಬಿಟ್ಟು ಪ್ರತಿ ಶಾಲೆಯನ್ನು ಗುರುತಿಸಲು ಕೊಟ್ಟಿರುವ ಹನ್ನೊಂದು ಅಂಕಿಯ ಡೈಸ್ ಸಂಖ್ಯೆಗೆ ಕಟ್ಟಿದೆ. ಒಂದೇ ಶಾಲೆಯಲ್ಲಿ ಮೂರು ಬೂತ್ ಇದ್ದರೆ ಮೂರನ್ನೂ ಕೂಡಿಸಿ ಒಂದೇ ಸಾಲು. ಮತದಾರರ ಸಂಖ್ಯೆ ಮಿತಿ ದಾಟಿದ್ದಕ್ಕೆ ಹುಟ್ಟಿದ "ಎ" ಬೂತ್‌ಗಳೂ ಅದೇ ಸಾಲಿಗೆ. ಹತ್ತರಲ್ಲಿ ಎಂಟು ಬೂತ್ ಹೀಗೆ ತಾನಾಗಿ ಕೂತವು. ಉಳಿದವು ಶಾಲೆ ಬಿಟ್ಟು ಅಂಗನವಾಡಿಗೋ ಸಮುದಾಯ ಭವನಕ್ಕೋ ಹೋದಂಥವು. ಅವುಗಳ ಮತದಾರರನ್ನು ಹಳೆಯ ಶಾಲೆಗೆ ವಾಪಸ್ ಹಂಚುವ ಒಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ.

ಲೆಕ್ಕ ಸರಿ ಇದೆ ಅಂತ ಹೇಗೆ ಗೊತ್ತಾಗುವುದು? ಬೇರೆ ಕ್ಷೇತ್ರವಾದರೆ ಹತ್ತಿಪ್ಪತ್ತು ಮತ ಆಚೀಚೆ ಆದರೂ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಒಂದು ಮತ ಒಬ್ಬರಿಂದ ಇನ್ನೊಬ್ಬರ ಲೆಕ್ಕಕ್ಕೆ ಹೋದರೆ ಗೆದ್ದವರೇ ಬದಲು. ಎಲ್ಲ ಶಾಲೆಗಳ ಮತ ಕೂಡಿಸಿ, ಫಾರಂ 20ರ ಕೊನೆಯಲ್ಲಿರುವ ಅಂಚೆ ಮತದ ಸಾಲನ್ನೂ ಸೇರಿಸಿದಾಗ 40,752, 40,751 ಬಂತು. ಅಂಚೆ ಮತ ಯಾವ ಶಾಲೆಗೂ ಸೇರದು. ಅದಕ್ಕೆ ಬೇರೆಯೇ ಸಾಲು ಇಡಿ, ಇಲ್ಲದಿದ್ದರೆ ಜನ್ಮದಲ್ಲಿ ಲೆಕ್ಕ ಕೂಡುವುದಿಲ್ಲ. ಇಷ್ಟು ಗಟ್ಟಿ ಪರೀಕ್ಷೆಗೆ ಒಡ್ಡಿದ ಬೂತ್ ಪಟ್ಟಿ ನಮ್ಮ ಭಾಗದಲ್ಲಿ ಇನ್ನೊಂದನ್ನು ನಾನಂತೂ ನೋಡಿಲ್ಲ.

ಶಾಲೆಯ ಲೆಕ್ಕ ಸೋಲುವ ಜಾಗವೂ ಇದೆ: ಬಿಳಿಗಿರಿರಂಗನ ಬೆಟ್ಟ. ಯರಕನಗದ್ದೆ, ಹೊಸಪೋಡು, ಪುರಾಣಿ ಪೋಡು ಅಂತ ಸೋಲಿಗರ ಪೋಡುಗಳು, ಅಂದರೆ ಹಾಡಿಗಳು, ಕಾಡಿನಲ್ಲಿ ಹರಡಿಕೊಂಡಿವೆ. ಒಂದು ಬೂತ್‌ನಲ್ಲಿ ಹಲವು ಪೋಡುಗಳ ಮತ ಬೆರೆತಿರುತ್ತದೆ. ಮತದಾರರ ಪಟ್ಟಿಯ ವಿಳಾಸದಿಂದ ಪೋಡುವಾರು ಸಂಖ್ಯೆ ತೆಗೆಯಲು ಕೆಲವು ವಾರ ಕೂತೆ. ಮತದಾರರ ಸಂಖ್ಯೆ ಬರುತ್ತದೆ, ಮತ ಯಾರಿಗೆ ಹೋಯಿತು ಅನ್ನುವುದು ಬರುವುದಿಲ್ಲ. ಬರಲೂ ಬಾರದು ಅನಿಸಿ ನಿಲ್ಲಿಸಿದೆ. ನಲವತ್ತು ಐವತ್ತು ಮನೆಯ ಪೋಡು ಯಾರಿಗೆ ಹಾಕಿತು ಅಂತ ನನ್ನ ಪಟ್ಟಿಯಿಂದ ತಿಳಿಯುವ ಹಾಗೆ ಆದರೆ ಅವರಿಗೆ ತೊಂದರೆ. ಅದಕ್ಕೇ ತೀರಾ ಚಿಕ್ಕ ಬೂತ್‌ಗಳನ್ನು ಕೂಡಿಸಿಯೇ ಬೇರೆಯವರಿಗೆ ಕೊಡುತ್ತೇನೆ. ನೀವೂ ಹಾಗೇ ಮಾಡಿ.

ಇದೇ ಶಾಲೆಯ ಸಾಲಿಗೆ 2019ರ ಲೋಕಸಭೆಯ ಮತವನ್ನೂ ತಂದು ಕೂರಿಸುತ್ತಿದ್ದೇನೆ. ಒಂದು ಮತದಿಂದ ಗೆದ್ದಿದ್ದ ಧ್ರುವನಾರಾಯಣ ಆ ಸಲ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಅವರ ಎದುರು 1,817 ಮತದಿಂದ ಸೋತರು. ಎಂಟು ವಿಧಾನಸಭಾ ಕ್ಷೇತ್ರದ ಲೋಕಸಭೆಯಲ್ಲಿ ಅದು ಏನೂ ಅಲ್ಲದ ಅಂತರ. ಹಳೆಯ ಸಂತೇಮರಹಳ್ಳಿಯ ಊರುಗಳು ಆ ಸಲ ಹೇಗೆ ನಡೆದುಕೊಂಡವು ಅನ್ನುವುದು ಅರ್ಧ ಆಗಿದೆ, ಪೂರ್ತಿ ಆದ ಮೇಲೆ ಬರೆಯುತ್ತೇನೆ.

ಶಾಸಕರ ಪಟ್ಟಿ ಮಾತ್ರ ನೋಡುವವರಿಗೆ ಕೊಳ್ಳೇಗಾಲ ತಲೆಬುಡ ತಿಳಿಯದ ಕ್ಷೇತ್ರ. 2008ರಲ್ಲಿ ಧ್ರುವನಾರಾಯಣ. ಅವರು ಸಂಸದರಾದ ಮೇಲೆ 2009ರ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ. 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ. 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್. 2023ರಲ್ಲಿ ಕಾಂಗ್ರೆಸ್ಸಿನಿಂದ ಅದೇ ಎ.ಆರ್. ಕೃಷ್ಣಮೂರ್ತಿ, ಸುಮಾರು 59 ಸಾವಿರ ಮತಗಳ ಅಂತರದಲ್ಲಿ. ಆ ಗೆಲುವನ್ನು ನೋಡಲು ಧ್ರುವನಾರಾಯಣ ಇರಲಿಲ್ಲ, ಆ ಮಾರ್ಚ್‌ನಲ್ಲೇ ತೀರಿಕೊಂಡಿದ್ದರು. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲವೂ, ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರೂ ಈಗ ಒಂದೇ ಕ್ಷೇತ್ರ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡದೆ ಇಲ್ಲಿನ ಪ್ರಾತಿನಿಧ್ಯದ ಬಗ್ಗೆ ಮಾತಾಡುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

2026ರ ನಂತರದ ಮೊದಲ ಜನಗಣತಿ ಮುಗಿದ ಮೇಲೆ ಮತ್ತೆ ಮರುವಿಂಗಡಣೆಗೆ ದಾರಿಯಾಗುತ್ತದೆ. ನಿಮ್ಮ ಕ್ಷೇತ್ರದ 2023ರ ಫಾರಂ 20, ಪ್ರತಿ ಭಾಗದ ಮತದಾರರ ಪಟ್ಟಿಯ ಮೊದಲ ಪುಟ, ಇವೆರಡನ್ನು ಈಗಲೇ ಇಳಿಸಿಟ್ಟುಕೊಂಡು ಪಕ್ಕದಲ್ಲಿ ಶಾಲೆಯ ಸಂಖ್ಯೆ ಬರೆದಿಡಿ. ಒಂದು ವಾರದ ಕೆಲಸ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ನನ್ನ ಮುಂದಿನ ಕೆಲಸ ಬನ್ನೂರು. ಅದೂ 2008ರಲ್ಲೇ ಹೋದ ಕ್ಷೇತ್ರ. ಅಲ್ಲಿನ 2004ರ ಫಾರಂ 20 ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ನಾನೇ ಬಂದು ಜೆರಾಕ್ಸ್ ಮಾಡಿಸಿಕೊಂಡು ಮೂಲ ಪ್ರತಿ ಅಲ್ಲೇ ವಾಪಸ್ ಕೊಡುತ್ತೇನೆ.