ಎರಡು ದೇಶಗಳ ಅಭಿವೃದ್ಧಿಯನ್ನು ಹೋಲಿಸುವ ಬಗೆ: ಬಾಂಗ್ಲಾದೇಶ ಮತ್ತು ವಿಯೆಟ್ನಾಂ

ಜಾಗತೀಕರಣದ ಬಗ್ಗೆ ಪ್ರಬಂಧ ಬರೆಯುವವರು ಸಾಮಾನ್ಯವಾಗಿ ತಲಾ ಆದಾಯದ ಪಟ್ಟಿಯಿಂದ ಆರಂಭಿಸುತ್ತಾರೆ. ಯಾರು ಮುಂದಿದ್ದಾರೆಂದು ಆ ಪಟ್ಟಿಯಿಂದ ತಿಳಿಯುತ್ತದೆಯೇ ಹೊರತು ಯಾವ ದಾರಿಯಲ್ಲಿ ಬಂದರೆಂದು ತಿಳಿಯುವುದಿಲ್ಲ. ಅದರ ಬದಲು ಎರಡೂ ದೇಶಗಳು ಹೊರಗೆ ಮಾರುವ ಒಂದೇ ಸರಕನ್ನು ಆರಿಸಿಕೊಳ್ಳಿ. 1970ರ ದಶಕದಲ್ಲಿ ಯುದ್ಧದಿಂದ ನಲುಗಿದ್ದ, ಭತ್ತವನ್ನೇ ನೆಚ್ಚಿಕೊಂಡಿದ್ದ ಬಾಂಗ್ಲಾದೇಶ ಮತ್ತು ವಿಯೆಟ್ನಾಂಗಳ ಮಟ್ಟಿಗೆ ಅದು ಸಿದ್ಧ ಉಡುಪು.

ಮೊದಲು ಹೊರಗಿನ ನಿಯಮವನ್ನು ಹುಡುಕಬೇಕು. 1974ರಲ್ಲಿ ಜಾರಿಗೆ ಬಂದ ಮಲ್ಟಿ ಫೈಬರ್ ಒಪ್ಪಂದದಡಿ ಶ್ರೀಮಂತ ದೇಶಗಳು ಬಟ್ಟೆಯ ಆಮದಿಗೆ ದೇಶವಾರು ಕೋಟಾ ಹಾಕಿದವು. ಕೋಟಾದ ಬಿಗಿಗೆ ಸಿಕ್ಕಿದ್ದ ದಕ್ಷಿಣ ಕೊರಿಯಾದ ದೇವೂ ಕಂಪನಿಯು, ಆಗಿನ್ನೂ ಅಂಥ ಮಿತಿಯಿಲ್ಲದ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಜೊತೆ ಕೈಜೋಡಿಸಿ, 1979ರಲ್ಲಿ ಅದರ ಸುಮಾರು 130 ಮಂದಿಗೆ ಬುಸಾನ್‌ನಲ್ಲಿ ತರಬೇತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಬಹುತೇಕರು ಹೊರಬಿದ್ದು ಬೇರೆ ಕಾರ್ಖಾನೆಗಳನ್ನು ಕಟ್ಟಲು ನೆರವಾದರು ಅಥವಾ ತಾವೇ ಆರಂಭಿಸಿದರು.

ಬಳಿಕ ಒಳಗಿನ ಸಾಧನವನ್ನು ನೋಡಿ. ಹೆಚ್ಚಿನ ಬರಹಗಳು ಸೋಲುವುದು ಇಲ್ಲೇ. ಕೋಟಾದಿಂದ ಇಂಥ ಅವಕಾಶ ಸಿಕ್ಕಿದ ಎಲ್ಲ ಬಡ ದೇಶಗಳೂ ಗಾರ್ಮೆಂಟ್ಸ್ ಕಟ್ಟಲಿಲ್ಲ. ಬಾಂಗ್ಲಾದೇಶದಲ್ಲಿ ವಿದೇಶಿ ಖರೀದಿದಾರ ಕಳಿಸಿದ ಎಲ್‌ಸಿಯನ್ನೇ (ಲೆಟರ್ ಆಫ್ ಕ್ರೆಡಿಟ್, ಅಂದರೆ ಹಣ ಪಾವತಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರ) ಬ್ಯಾಂಕಿಗೆ ಭದ್ರತೆಯಾಗಿ ತೋರಿಸಿ, ಅದರ ಬಲದ ಮೇಲೆ ಬಟ್ಟೆ ತರಿಸಲು ಇನ್ನೊಂದು ಎಲ್‌ಸಿ ತೆರೆಯುವ ‘ಬ್ಯಾಕ್ ಟು ಬ್ಯಾಕ್’ ವ್ಯವಸ್ಥೆ ಬಂತು. ಹಾಗೆ ತಂದ ಬಟ್ಟೆಯನ್ನು ಸುಂಕವಿಲ್ಲದೆ ಇಡಲು ಬಾಂಡೆಡ್ ಗೋದಾಮುಗಳಿಗೆ ಅನುಮತಿ ಸಿಕ್ಕಿತು. ಕೈಯಲ್ಲಿ ದೊಡ್ಡ ಬಂಡವಾಳವಿಲ್ಲದ ಸ್ಥಳೀಯರೂ ಮಾಲೀಕರಾಗಲು ಇದು ದಾರಿ ಮಾಡಿತು. ಇಂದು ಆ ದೇಶದ ರಫ್ತಿನಲ್ಲಿ ಉಡುಪಿನ ಪಾಲು ಶೇ. 80ಕ್ಕೂ ಹೆಚ್ಚು.

ವಿಯೆಟ್ನಾಂನ ಕ್ರಮ ಬೇರೆ. 1986ರ ಡಿಸೆಂಬರ್‌ನಲ್ಲಿ ‘ದೊಯ್ ಮೊಯ್’ ಸುಧಾರಣೆಯನ್ನು ಘೋಷಿಸಿದ ಕಮ್ಯುನಿಸ್ಟ್ ಪಕ್ಷವು 1988ರಲ್ಲಿ ಸಾಗುವಳಿಯ ಹೊಣೆಯನ್ನು ರೈತ ಕುಟುಂಬಗಳಿಗೆ ಬಿಟ್ಟುಕೊಟ್ಟಿತು. ವಿದೇಶಿ ಹೂಡಿಕೆಗೆ ಕಾನೂನು ಮಾಡಿ, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ಉಡುಪಿನಿಂದ ಮೊಬೈಲ್ ಫೋನಿನವರೆಗೆ ಏರಿದರೂ ಅದರ ರಫ್ತಿನ ಸುಮಾರು ಶೇ. 70 ಭಾಗ ವಿದೇಶಿ ಬಂಡವಾಳದ ಕಂಪನಿಗಳದು. ಆದ್ದರಿಂದ ರಫ್ತಿನ ಮೊತ್ತದ ಪಕ್ಕದಲ್ಲೇ ಮಾಲೀಕತ್ವದ ಕಾಲಂ ಒಂದನ್ನು ತಪ್ಪದೆ ಹಾಕಿಕೊಳ್ಳಿ.

ಸಾಮಾಜಿಕ ಸೂಚ್ಯಂಕಗಳಿಗೆ ಪ್ರತ್ಯೇಕ ಹಾಳೆಯೇ ಇರಲಿ, ಏಕೆಂದರೆ ಅವು ಆದಾಯದ ಹಿಂದೆಯೇ ನಡೆಯುವುದಿಲ್ಲ. ತಲಾ ಆದಾಯದಲ್ಲಿ ಭಾರತಕ್ಕಿಂತ ಹಿಂದಿದ್ದ ಕಾಲದಲ್ಲೇ ಬಾಂಗ್ಲಾದೇಶವು ಜೀವಿತಾವಧಿಯಲ್ಲಿ ನಮ್ಮನ್ನು ದಾಟಿತ್ತು. ಇದಕ್ಕೆ ಕಾರಣವನ್ನು ಗಾರ್ಮೆಂಟ್ಸ್‌ಗಿಂತ ಮೊದಲು ಭೇದಿಗೆ ಕೊಡುವ ಉಪ್ಪು-ಸಕ್ಕರೆಯ ದ್ರಾವಣವಾದ ಓಆರ್‌ಎಸ್ ತಯಾರಿಸುವುದನ್ನು ಮನೆಮನೆಗೆ ಕಲಿಸಿದ ಬ್ರಾಕ್‌ನಂಥ ಸರ್ಕಾರೇತರ ಸಂಸ್ಥೆಗಳ ಕೆಲಸದಲ್ಲಿ ಹುಡುಕುವುದು ಮೇಲು.

ಕೊನೆಗೆ, ಕಾರ್ಮಿಕರ ದನಿ ಯಾವ ದಾರಿಯಿಂದ ಹೊರಬಂತೆಂದು ನೋಡಿ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೂ ಉಡುಪಿನ ರಫ್ತು ಏರುತ್ತಲೇ ಹೋಯಿತು. ಬರೀ ರಫ್ತಿನ ಅಂಕಿ ನೋಡುವವರಿಗೆ ಆ ವರ್ಷದಲ್ಲಿ ಏನೂ ಕಾಣಿಸದು. ಅಲ್ಲಿ ಕಟ್ಟಡ ಸುರಕ್ಷತೆಯ ತಪಾಸಣೆ ಬಂದದ್ದು ವಿದೇಶಿ ಬ್ರಾಂಡುಗಳು ಮತ್ತು ಕಾರ್ಮಿಕ ಸಂಘಗಳ ನಡುವಿನ ಒಪ್ಪಂದದ ಮೂಲಕ. ಪಕ್ಷದ ಅಧೀನದ ಒಂದೇ ಕಾರ್ಮಿಕ ಒಕ್ಕೂಟವಿದ್ದ ವಿಯೆಟ್ನಾಂನಲ್ಲಿ, 2005ರ ಕೊನೆಯಲ್ಲಿ ಸಂಘದ ನಾಯಕತ್ವವಿಲ್ಲದೆಯೇ ಮುಷ್ಕರಗಳು ಹಬ್ಬಿ, 2006ರ ಆರಂಭದಲ್ಲಿ ಸರ್ಕಾರ ವಿದೇಶಿ ಕಂಪನಿಗಳ ಕನಿಷ್ಠ ವೇತನವನ್ನು ಏರಿಸಬೇಕಾಯಿತು.